ತೊಟ್ಟಿಲ ಛಾಪಿನ ಎಣ್ಣೆ

ಔಡಲೆಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಸವಣೂರಿನ ನಮ್ಮ ಪಡಸಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಯುದ್ಧ ನಡೆದಿದ್ದ ಕಾಲ. ಅಪ್ಪ ನಮ್ಮ ಗಾಣದ ಔಡಲೆಣ್ಣೆಯನ್ನು ಡಬ್ಬಿಗಳಲ್ಲಿ ತುಂಬಿ ಊರೂರಿಗೆ ಕಳಿಸಲು ಹೊರಟಿದ್ದ. ಡಬ್ಬಿಗೊಂದು ಚಿತ್ರ ಬರೆಯಲು ಹುಲಗೂರಿನಿಂದ ಪೇಂಟರ್ ಚಾಚಾ ಬಂದಿದ್ದರು.

“ಓದಾಕ ಬರದವ್ರೂ ನೋಡಿದ ಕೂಡ್ಲೆ ಇದು ನಮ್ಮ ಎಣ್ಣಿ ಅನ್ನಬೇಕ್ರಿ,” ಎಂದ ಅಪ್ಪ.

ಚಾಚಾ ಆನೆ ಬರೆದರು, ನವಿಲು ಬರೆದರು. ಅಪ್ಪನಿಗೆ ಯಾವುದೂ ಹಿಡಿಸಲಿಲ್ಲ. ಆಗ ಚಾಚಾನ ಕಣ್ಣು ತೊಲೆಗೆ ಕಟ್ಟಿದ್ದ ಖಾಲಿ ತೊಟ್ಟಿಲ ಮೇಲೆ ಬಿತ್ತು.

“ಕೂಸಿಗೆ ಹಚ್ಚೋ ಎಣ್ಣಿ ಅಲ್ಲೇನ್ರಿ? ತೊಟ್ಟಿಲನ ಇರ್ಲಿ,” ಎಂದು ಸರಸರನೆ ಬರೆದೇಬಿಟ್ಟರು.

ಅದರಲ್ಲಿ ಮಲಗುತ್ತಿದ್ದ ನನ್ನ ತಮ್ಮ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಚಾಚಾನಿಗೆ ಅದು ಗೊತ್ತಿರಲಿಲ್ಲ. ಕೂಸು ಹೋದಂದಿನಿಂದ ಅವ್ವ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ನನ್ನ ಜಡೆ ಹಾಕುವುದನ್ನೂ ಬಿಟ್ಟಿದ್ದಳು.

“ಅದೊಂದು ಬ್ಯಾಡ್ರಿ ಚಾಚಾ,” ಎಂದು ಅಪ್ಪ ಅಳಿಸಲು ಹೋಗುವಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. ಚಿತ್ರವನ್ನು ಬಹಳ ಹೊತ್ತು ನೋಡಿದಳು.

“ಖಾಲಿ ಯಾಕ ಬಿಟ್ಟೀರಿ? ಒಳಗ ಒಂದು ಕೂಸು ಬರೀರಿ,” ಎಂದಳು.

ಚಾಚಾ ಕುಂಚದ ತುದಿಯಿಂದ ಪುಟ್ಟ ಮುಖ ಬರೆದು, ಅದಕ್ಕೆ ನಿದ್ದೆಯ ಕಣ್ಣು ಬರೆದರು. ಅವರು ನಮಾಜಿಗೆ ಎದ್ದು ಹೋದ ಮೇಲೆ ಅವ್ವ ಡಬ್ಬಿಯ ಪಕ್ಕದಲ್ಲಿ ಕುಳಿತು, ಹಸಿ ಬಣ್ಣದ ಮೇಲೆ ನೊಣ ಕೂರದಂತೆ ಸೆರಗಿನಿಂದ ಗಾಳಿ ಹಾಕತೊಡಗಿದಳು.

ನಾನು ಹತ್ತಿರ ಹೋಗಿ, “ಅವ್ವಾ, ಹಸಿವಾಗೇತಿ,” ಎಂದೆ.

ಅವಳು ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡವೆಂದು ನನಗೆ ಸನ್ನೆ ಮಾಡಿದಳು.