ನೀಲಿಗಟ್ಟಿದ ತೋಳು

ಅಮ್ಮನ ಎಡತೋಳು ಮತ್ತೆ ನೀಲಿಗಟ್ಟಿತ್ತು. ಈ ಸಲ ಉಗುರಿನ ಗುರುತೂ ಇತ್ತು. ಅಮೃತ ಹೊದಿಕೆ ಸರಿಸಿದಳು. ಎಡತೊಡೆಯ ಮೇಲೂ ಅದೇ.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾದ ವರ್ಷ ಆದಿಲಕ್ಷ್ಮಮ್ಮನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ತೆಗೆಯುತ್ತಿದ್ದ ಕೈ ಈಗ ದಿಂಬಿನ ಪಕ್ಕ ಬೇರೆ ಯಾರದೋ ಎಂಬಂತೆ ಬಿದ್ದಿರುತ್ತಿತ್ತು. ಮಗಳು ಅಮೃತ ಕಚೇರಿಗೆ ಹೋದ ಮೇಲೆ ಶಿಡ್ಲಘಟ್ಟದ ಆ ಮನೆಗೆ ಬರುತ್ತಿದ್ದವಳು ಅಶ್ವತ್ಥಮ್ಮ ಒಬ್ಬಳೇ, ಎಣ್ಣೆ ಹಚ್ಚಿ ಮೈ ನೀವಲು.

"ಮುಂಗೈಯಿಂದ ಭುಜದ ಕಡೆಗೆ ನೀವಬೇಕಮ್ಮ. ರಕ್ತ ಓಡಾಡ್ತದೆ, ಬಾವು ಇಳೀತದೆ, ಕೀಲು ಹಿಡ್ಕೊಳಲ್ಲ," ಎಂದು ಮೊದಲ ದಿನವೇ ಹೇಳಿದ್ದಳು.

"ಮುಟ್ಟಿದ್ದು ಗೊತ್ತಾಗ್ತದಾ ಮುಂದೆ?" ಎಂದು ಆದಿಲಕ್ಷ್ಮಮ್ಮ ಕೇಳಿದಾಗ ಮಾತ್ರ ಅವಳು ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಿದ್ದಳು.

"ಅಮ್ಮ, ನಿಜ ಹೇಳು. ನೋಯಿಸ್ತಾಳಾ ಅವಳು?" ಅಮೃತ ಕೇಳಿದಳು.

"ನೋಯೋ ಹಂಗಿದ್ರೆ ಚೆನ್ನಾಗಿತ್ತು ಕಣಮ್ಮ." ಆದಿಲಕ್ಷ್ಮಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಹೆದರಿದ್ದಾಳೆ ಎಂದುಕೊಂಡಳು ಅಮೃತ.

ಮರುದಿನ ರಜೆ ಹಾಕಿ ಬಾಗಿಲಿಗೆ ಅಡ್ಡ ನಿಂತಳು. "ಮಲಗಿದ್ದೋರನ್ನ ಚಿವುಟೋಕೆ ಮನಸ್ಸು ಹೆಂಗೆ ಬಂತು ನಿಂಗೆ?"

ಅಶ್ವತ್ಥಮ್ಮ ಗಲಿಬಿಲಿಗೊಂಡಳು. "ಆ ಕಲೆ ನಾನೂ ನೋಡಿದೀನಮ್ಮ. ನಿಮ್ಮನ್ನ ಹೆಂಗೆ ಕೇಳೋದು ಅಂತ ಸುಮ್ನಿದ್ದೆ."

ಅಮೃತಳ ಮೈ ಉರಿಯಿತು. ಅಂದೇ ಅವಳನ್ನು ಕೆಲಸದಿಂದ ಬಿಡಿಸಿದಳು. ಅಷ್ಟಕ್ಕೇ ಸುಮ್ಮನಾಗದೆ ಬೀದಿಯ ಮನೆಮನೆಗೂ ಹೇಳಿದಳು. ಬಾಣಂತಿಯರಿಗೆ ನೀರು ಹಾಕುವ ಕೆಲಸಕ್ಕೂ ಅಶ್ವತ್ಥಮ್ಮನನ್ನು ಯಾರೂ ಕರೆಯದಂತಾಯಿತು. ಕೊನೆಗೆ ಅವಳು ಊರು ಬಿಟ್ಟು ಗೌರಿಬಿದನೂರಿನ ತಂಗಿಯ ಮನೆ ಸೇರಿದಳು.

ಅಮೃತ ತಾನೇ ನೀವಲು ನೋಡಿದಳು. ಬಸ್ಸಿಳಿದು ಬಂದ ಕೈಯಲ್ಲಿ ಕಸುವು ಉಳಿದಿರುತ್ತಿರಲಿಲ್ಲ. ದಿನ ಬಿಟ್ಟು ದಿನವಾಯಿತು, ಆಮೇಲೆ ಅದೂ ನಿಂತಿತು. ಅಮ್ಮನ ಮೊಣಕೈ ಮಡಚಿಕೊಂಡು ಸೆಟೆಯಿತು. ಬೆರಳುಗಳು ಮುಷ್ಟಿಯಾದವು. ಬೆನ್ನಿನಲ್ಲಿ ಹುಣ್ಣೆದ್ದಿತು.

"ಇಷ್ಟು ದಿನ ಬಿಟ್ಟಿದೀರ. ಇನ್ನು ಈ ಕೈ ಬಿಡಿಸೋಕಾಗಲ್ಲ," ಎಂದರು ಡಾಕ್ಟರು.

ಒಂದು ಮಧ್ಯಾಹ್ನ ತಲೆನೋವೆಂದು ಅಮೃತ ಬೇಗ ಮನೆಗೆ ಬಂದಳು. ಅಮ್ಮ ಮಲಗಿರಬಹುದೆಂದು ಸದ್ದಾಗದಂತೆ ಬಾಗಿಲು ತೆರೆದಳು.

ಆದಿಲಕ್ಷ್ಮಮ್ಮ ಎಚ್ಚರವಾಗಿಯೇ ಇದ್ದಳು. ಬಲಗೈಯ ಉಗುರುಗಳನ್ನು ತನ್ನ ಎಡತೋಳಿಗೆ ಊರಿ, ರಕ್ತ ಜಿನುಗುವವರೆಗೂ ಹಿಂಡುತ್ತ, ನೋವಿಗಾಗಿ ಕಾಯುತ್ತಿದ್ದಳು.