ಅವಳ ಖಾತೆ ಮಾತ್ರ

ಪಾಸ್‌ವರ್ಡ್ ಒಪ್ಪಿತು. ಪರದೆ ಕಪ್ಪಾಯಿತು. ರೆಪ್ಪೆ ಬಡಿಯುವಷ್ಟರಲ್ಲಿ ಮತ್ತೆ ಅದೇ ಲಾಗಿನ್ ಪುಟ, ಅದೇ ಅವಳ ಹೆಸರು.

ಅವನು ಕುರ್ಚಿಯಲ್ಲಿ ಹಿಂದಕ್ಕೊರಗಿದ. ಬೆನ್ನ ಹಿಂದೆ ಹೆಂಡತಿ ನಿಂತಿದ್ದಾಳೆಂದು ತಿರುಗದೆಯೇ ಗೊತ್ತಾಯಿತು.

“ಅಪ್‌ಡೇಟ್ ಆಗುವಾಗ ಏನೋ ಕೆಟ್ಟಿದೆ,” ಎಂದ. ಈ ಸುಳ್ಳು ಅವನಿಗೆ ಬಾಯಿಪಾಠವಾಗಿಬಿಟ್ಟಿತ್ತು. ಅವಳು ದಡದಡ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ಮಾತ್ರ ಬಂತು.

ಭಾನುವಾರ ಅಣ್ಣ, ಅತ್ತಿಗೆ ಊಟಕ್ಕೆ ಬಂದಿದ್ದರು. ಕೆಲಸ ತಾನೇ ಬಿಟ್ಟೆ, ಮ್ಯಾನೇಜರನ ಮುಖದ ಮೇಲೆ ರಾಜೀನಾಮೆ ಬಿಸಾಕಿ ಬಂದೆ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. ಊಟದ ಮೇಜಿನ ಪಕ್ಕದಲ್ಲೇ, ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಡತಿ ಒಂದೇ ಒಂದು ಮಾತು ಅಂದಳು: “ಇವರು ಬಿಟ್ಟಿದ್ದಲ್ಲ, ಅವರು ಬಿಡಿಸಿದ್ದು.”

ಅಣ್ಣ ತಟ್ಟೆ ನೋಡಿಕೊಂಡ. ಅತ್ತಿಗೆ ತಡೆಯಲಾರದೆ ನಕ್ಕುಬಿಟ್ಟರು. ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಅವರು ಹೋದ ಮೇಲೆ ಅವಳು ಸ್ನಾನಕ್ಕೆ ಹೋದಳು. ಅವನು ಅಡ್ಮಿನ್ ಆಗಿ ಒಳಹೊಕ್ಕು, ಅವಳ ಖಾತೆಯ ಫೈಲುಗಳನ್ನೆಲ್ಲ ಅವಳ ಹೆಸರಿನಿಂದ ತೆಗೆದು ಅಡ್ಮಿನ್ ಹೆಸರಿಗೆ ಮಾಡಿಬಿಟ್ಟ. ಒಂದು ಕಮಾಂಡ್, ಅಷ್ಟೆ. ಒಂದು ಸಂಜೆ ತೆಪ್ಪಗಿರಲಿ, ಮಲಗುವ ಮುಂಚೆ ಸರಿಮಾಡಿದರಾಯಿತು ಅಂದುಕೊಂಡಿದ್ದ. ಸರಿಮಾಡಲು ಕೂತರೆ ಗಾಬರಿಯಲ್ಲಿ ಇನ್ನೇನೋ ಟೈಪಾಯಿತು, ಇದ್ದಬದ್ದದ್ದೂ ಎಕ್ಕುಟ್ಟಿಹೋಯಿತು.

ಅವನ ಖಾತೆ ಈಗಲೂ ಸಲೀಸಾಗಿ ತೆರೆಯುತ್ತಿತ್ತು. ಪರೀಕ್ಷೆಗೆಂದು ಹೊಸದೊಂದು ಖಾತೆ ಮಾಡಿದ; ಅದೂ ತೆರೆಯಿತು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಅವಳೊಬ್ಬಳಿಗೆ.

ನಿನ್ನೆ ಕಾಗದ, ಪೆನ್ನು ಅವಳ ಮುಂದಿಟ್ಟು, “ಬರೆದಾದರೂ ಬಯ್ದುಬಿಡೇ,” ಎಂದಿದ್ದ. ಅವಳು ಆ ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿ, ಕುತ್ತಿಗೆಯ ಸ್ಕಾರ್ಫ್ ಸರಿಮಾಡಿಕೊಂಡು ಎದ್ದುಹೋಗಿದ್ದಳು.

ಫೋನು ಬಡಿದುಕೊಂಡಿತು. ಅವಳೇ ತಂದು ಅವನ ಕೈಗಿಟ್ಟಳು. ಅವಳ ತಾಯಿ.

“ಏನು ಅಳಿಯಂದ್ರೇ, ಭಾನುವಾರದಿಂದ ಮಗಳ ದನಿಯೇ ಕೇಳಿಲ್ಲ. ಸ್ವಲ್ಪ ಮಾತಾಡ್ಸಿ.”

“ಅದು… ನನ್ನ ಮೇಲೆ ಕೋಪ, ಅತ್ತೆ. ಮಾತು ಬಿಟ್ಟಿದ್ದಾಳೆ.”

“ನೀವೇ ಏನೋ ಮಾಡಿರ್ತೀರಿ, ಬಿಡಿ,” ಎಂದು ಅತ್ತೆ ನಕ್ಕರು.

ಎದುರಿಗೇ ನಿಂತು ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಕಣ್ಣು ತುಂಬಿಕೊಂಡಿತು. ಅವನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಆಮೇಲೆ ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಅವಳ ಸೆಟ್ಟಿಂಗುಗಳ ಫೋಲ್ಡರನ್ನು ಪೂರ್ತಿ ಬದಿಗಿಟ್ಟು ನೋಡಿದ. ಡೆಸ್ಕ್‌ಟಾಪ್ ಎದ್ದಿತು, ಆದರೆ ಬೋಳು ಬೋಳು. ಅವಳು ವಾರಗಟ್ಟಲೆ ಕೂತು ಹೊಂದಿಸಿಕೊಂಡಿದ್ದು ಒಂದೂ ಇರಲಿಲ್ಲ. ಹೀಗೆ ಒಪ್ಪಿಸಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಒಂದೊಂದನ್ನೇ ವಾಪಸ್ ಇಟ್ಟ, ಪ್ರತಿ ಸಲ ಲಾಗಿನ್ ಆಗಿ ನೋಡಿದ. ಕಡೆಗೆ ಸಿಕ್ಕಿತು: ಕಣ್ಣಿಗೆ ಬೀಳದಂತೆ ಅಡಗಿದ್ದ ಚಿಕ್ಕದೊಂದು ಫೈಲು ಇನ್ನೂ ಅಡ್ಮಿನ್ ಹೆಸರಿನಲ್ಲೇ ಉಳಿದುಹೋಗಿತ್ತು. ಅದನ್ನು ಅವಳ ಹೆಸರಿಗೆ ಮಾಡಿದ.

ಪಾಸ್‌ವರ್ಡ್. ಕಪ್ಪು ಪರದೆ.

ಅವಳ ಡೆಸ್ಕ್‌ಟಾಪ್ ಇದ್ದ ಹಾಗೇ ಎದ್ದು ಬಂತು.

“ಬಾರೇ ಇಲ್ಲಿ,” ಎಂದು ಕೂಗಿದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದು ಕೂತಳು. ಇಷ್ಟಕ್ಕೆ ಮುಗಿಸಬಹುದಿತ್ತು. ಅವನ ಬಾಯಿ ಸುಮ್ಮನಿರಲಿಲ್ಲ.

“ಅಪ್‌ಡೇಟೂ ಇಲ್ಲ, ಏನೂ ಇಲ್ಲ ಕಣೇ. ನಾನೇ. ಅವತ್ತಿನ ಸಿಟ್ಟಿಗೆ, ಬೇಕೂ ಅಂತ ಮಾಡಿದೆ.”

ಅವಳು ಅವನತ್ತ ನೋಡಲಿಲ್ಲ. ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು.

ಸ್ಪೀಕರಿನಿಂದ ಅವಳ ದನಿ ಬಂತು, ಡಾಕ್ಟರು ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯುವ ಮುಂಚೆ ಈ ಕಂಪ್ಯೂಟರಿಗೆ ಓದಿ ಓದಿ ತುಂಬಿಸಿಟ್ಟಿದ್ದ, ಅವಳಿಗೆ ಉಳಿದಿದ್ದ ಒಂದೇ ದನಿ: “ಗೊತ್ತಿತ್ತು. ಎದ್ದು ಹೋಗ್ಬೇಡಿ, ಕೂತ್ಕೊಳ್ಳಿ. ಇಷ್ಟು ದಿನದ ಮಾತು ಬಾಕಿ ಇದೆ.”