ಉತ್ತರ ಬಾರದ ಕಾರ್ಡುಗಳು

ಸೊಲ್ವೆಗ್ ಸಾಕ್ಷಿಕಟ್ಟೆ ಹತ್ತುತ್ತಿದ್ದಂತೆ ಹಿಂದಿನ ಬೆಂಚಿನಲ್ಲಿದ್ದ ಅವಳ ಗಂಡ ಆರ್ವಿಡ್ ಬೆಂಚಿನ ಅಂಚು ಹಿಡಿದುಕೊಂಡ. ಅವಳು ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಅದು ನ್ಯಾಯಾಲಯದಲ್ಲಿ ನಿಲ್ಲುವ ಮಾತಲ್ಲ ಎಂಬುದೂ ಗೊತ್ತಿತ್ತು.

ಮಿನೆಸೋಟದ ಆ ನ್ಯಾಯಾಲಯದ ಮುಂದಿದ್ದದ್ದು ಒಂದೇ ಪ್ರಶ್ನೆ. ಫೋನಿನಲ್ಲಿ ಚಕ್ರ ತಿರುಗಿಸಿ ಬಹುಮಾನ ಗೆಲ್ಲುವ ಆಟ ಜೂಜೋ, ಅಲ್ಲವೋ? ದುಡ್ಡು ಕಟ್ಟಿದವರಿಗಷ್ಟೇ ಆಟವೆಂದರೆ ಅದು ಜೂಜು. ರಾಜ್ಯದ ಕಾನೂನಿನಂತೆ ಆಟ ಮುಚ್ಚಬೇಕು. ನಮ್ಮಲ್ಲಿ ದುಡ್ಡೇ ಬೇಡ ಎನ್ನುತ್ತಿತ್ತು ಆಟ ನಡೆಸುವ ಕಂಪನಿ. ಕೈಯಲ್ಲಿ ಬರೆದ ಕಾರ್ಡೊಂದನ್ನು ಕವರಿನಲ್ಲಿಟ್ಟು ಅಂಚೆಗೆ ಹಾಕಿದರೆ ಆಡುವ ನಾಣ್ಯ ಪುಕ್ಕಟೆಯಂತೆ. ಆ ಪುಕ್ಕಟೆ ದಾರಿ ಬರೀ ತೋರಿಕೆ ಎನ್ನಲು ಸರ್ಕಾರಕ್ಕಿದ್ದ ಸಾಕ್ಷಿ ಸೊಲ್ವೆಗ್ ಒಬ್ಬಳೇ.

"ಮುನ್ನೂರಕ್ಕಿಂತ ಜಾಸ್ತಿ ಕಾರ್ಡು ಬರೆದೆ, ಸ್ವಾಮಿ. ಒಂದಕ್ಕೂ ಉತ್ತರ ಬರ್ಲಿಲ್ಲ."

ಕಂಪನಿಯ ವಕೀಲ ಪ್ರೆಂಟಿಸ್ ಎದ್ದ. "ಇವರಿಂದ ನಮಗೆ ಒಂದು ಕಾರ್ಡೂ ಬಂದಿಲ್ಲ. ನಮ್ಮ ಸಿಬ್ಬಂದಿ ಪ್ರಮಾಣ ಮಾಡಿ ಹೇಳಿದ್ದಾರೆ. ಅಂಚೆಗೆ ಹಾಕ್ತಿದ್ದೋರು ಯಾರು, ಮೇಡಂ?"

ಸೊಲ್ವೆಗ್ ತಡವರಿಸಿದಳು. "ದಿನಾ ಬೆಳಿಗ್ಗೆ ಡೈರಿಗೆ ಹೋಗುವಾಗ ನನ್ನ ಗಂಡ ಕವರು ತಗೊಂಡು ಹೋಗ್ತಿದ್ದ."

"ಹಾಗಾದ್ರೆ ಅವರನ್ನೇ ಕೇಳೋಣ."

ಆರ್ವಿಡ್ ಕಾಲೆಳೆಯುತ್ತ ಮುಂದೆ ಹೋದ. ಹೋದ ಚಳಿಗಾಲದಲ್ಲಿ ಆ ಆಟ ಅವಳ ನಿದ್ದೆ, ಊಟ, ನಗು ಎಲ್ಲವನ್ನೂ ನುಂಗಿತ್ತು. ಅವನು ಕೈಮುಗಿದು ಬೇಡಿ ಬ್ಯಾಂಕಿನ ಕಾರ್ಡು ಪಡೆದುಕೊಂಡ. ಅವಳು ಪುಕ್ಕಟೆ ದಾರಿ ಹಿಡಿದಳು. ಬೆರಳು ಊದುವ ತನಕ ದಿನವಿಡೀ ಬರೆಯುವಳು. ಬೆಳಿಗ್ಗೆ ಅವನ ಕೈಗೆ ಬರುತ್ತಿದ್ದದ್ದು ಎರಡೋ ಮೂರೋ ಕವರು. ಅವನು ಅವನ್ನು ಕೊಟ್ಟಿಗೆಯ ಒಲೆಗೆ ಹಾಕುತ್ತಿದ್ದ.

ಈಗ ಒಂದೇ ಒಂದು ಸುಳ್ಳು ಸಾಕಿತ್ತು. ಆಟ ಮುಚ್ಚುತ್ತದೆ, ಹೆಂಡತಿ ಉಳಿಯುತ್ತಾಳೆ. ಸೊಲ್ವೆಗ್ ದೂರದಿಂದಲೇ ಬೇಡ ಎಂಬಂತೆ ತಲೆಯಾಡಿಸಿದಳು. ಆದರೆ ಬಲಗೈ ಎತ್ತಿ ಪ್ರಮಾಣ ಮಾಡಿಯಾಗಿತ್ತು. ಚರ್ಚಿನ ಹಿರಿಯನೆನಿಸಿಕೊಂಡವನ ನಾಲಿಗೆ ಸುಳ್ಳಿಗೆ ಹೊರಳಲಿಲ್ಲ.

"ಅಂಚೆಗೆ ಹಾಕಿದ್ರಾ, ಸರ್?"

"ಇಲ್ಲ. ಒಂದೂ ಹಾಕ್ಲಿಲ್ಲ. ಎಲ್ಲಾ ಸುಟ್ಟೆ. ಅವಳು ಹಾಗಾಗೋದು ನೋಡೋಕಾಗ್ಲಿಲ್ಲ."

ಸರ್ಕಾರದ ವಕೀಲೆ ಕಣ್ಣು ಮುಚ್ಚಿಕೊಂಡಳು. ಪ್ರೆಂಟಿಸ್ ನಕ್ಕ. "ಇನ್ನೇನು ಉಳೀತು, ಸ್ವಾಮಿ? ಒಂದೇ ಒಂದು ಕಾರ್ಡು ಬಂದಿದ್ರೂ ಅವತ್ತೇ ನಾಣ್ಯ ಕೊಡ್ತಿದ್ವಿ."

ಆರ್ವಿಡ್ ತಲೆ ಎತ್ತಲಿಲ್ಲ. "ತಪ್ಪಾಯ್ತು ಕಣೆ."

"ಸುಮ್ನಿರು ಅಂದ್ರೆ ಕೇಳಲ್ವಲ್ಲ, ಮುದುಕ," ಎಂದಳು ಸೊಲ್ವೆಗ್. ಎದ್ದು ಬಂದು ಚೀಲದಿಂದ ದಪ್ಪನೆಯ ಕಟ್ಟೊಂದನ್ನು ತೆಗೆದು ನ್ಯಾಯಾಧೀಶರ ಮುಂದಿಟ್ಟಳು. "ಇವನ ಮಾನ ಹೋಗಬಾರದು ಅಂತ ಬಾಯಿ ಬಿಟ್ಟಿರ್ಲಿಲ್ಲ, ಸ್ವಾಮಿ.

"ಮೊದಲನೇ ವಾರ ಒಲೆಯಲ್ಲಿ ಬೂದಿ ನೋಡಿದೆ, ಅವತ್ತಿಂದ ಪ್ರತಿ ಕಾರ್ಡೂ ಎರಡೆರಡು ಬರೆದು ಒಂದನ್ನ ಇವನಿಗೆ ಸುಡೋಕೆ ಕೊಟ್ಟೆ, ಇನ್ನೊಂದನ್ನ ನಾನೇ ಹೋಗಿ ಅಂಚೆಗೆ ಹಾಕಿದೆ — ಅಂಚೆ ಕಚೇರಿಯ ಮೊಹರು ಬಿದ್ದ ರಸೀದಿಗಳು ಇಲ್ಲಿವೆ."